ಕುಂಯ್ ಅನ್ನೋ ಬಾಗಿಲು

ಜೂನ್ ೧೧

ಮಿಲ್ಲಿಗೆ ಯಾರೋ ಕೊಟ್ಟ ಡೈರಿ. ಇವ್ರು ಬ್ಯಾಡಂದ್ರು, ನಾನು ತಗೊಂಡೆ. ಮುದುಕಿ ಮ್ಯಾಲಿನ ಸಿಟ್ಟನ್ನ ಇವ್ರ ಮುಂದ ಹೇಳಿದ್ರ ಇವ್ರು ಅವ್ವನ ಕಡಿ. ಮಿಲ್ಲಿನಾಗ ಕಸ ಹೊಡಿಯೋ ದುರ್ಗಕ್ಕನ ಮುಂದ ಹೇಳಿದ್ರ ಸಂಜಿಯೊಳಗ ಕಂಪ್ಲಿ ತುಂಬಾ. ಇಲ್ಲಿ ಬರಕೊಂಡ್ರ ನನ್ನ ಪಾಡಿಗೆ ನಾನು.

ಮುದುಕಿ ಅಂದ್ರ ನಮ್ಮತ್ತಿ ಕೊಟ್ರಮ್ಮ. ಎಪ್ಪತ್ತಾರು ವಯಸ್ಸು. ಎಡಗಣ್ಣು ಹೋಗಿ ಭಾಳ ವರ್ಷ ಆತು, ಈಗ ಬಲಗಣ್ಣೂ ಹೊಂಟೈತಿ. ಕಣ್ಣಿನ ಪರದಿ ನಡುವ ಸೋರಾಕತ್ತೈತಂತ. ತಿಂಗಳಿಗೊಂದರಂಗ ಮೂರು ಇಂಜೆಕ್ಷನ್ ಚುಚ್ಚಬೇಕು, ಅದೂ ಕಣ್ಣಿನೊಳಗ! ತಾರೀಖು ತಪ್ಪಿದ್ರ ಇರೋ ಬೆಳಕೂ ಹೋಗತೈತಿ, ಆಮ್ಯಾಲ ನಮ್ಮನ್ನ ಕೇಳಬ್ಯಾಡ್ರಿ ಅಂತ ಡಾಕ್ಟರು ಖಡಕ್ಕಾಗಿ ಹೇಳ್ಯಾರ.

ದವಾಖಾನಿ ಇರೋ ಊರಿಗೆ ಮುದುಕಿ ‘ಕಣ್ಣಿನ ಊರು’ ಅಂತಾಳ, ನಾನೂ ಹಂಗ ಬರಿತೀನಿ. ಹೋದ ವಾರ ಕಾರಿನಾಗ ಕರ್ಕೊಂಡು ಹೋದ್ವಿ. ಕಂಪ್ಲಿ ಸೇತುವಿ ದಾಟೋದ್ರಾಗ ವಾಂತಿ ಸುರು, ಊರು ಮುಟ್ಟೋತನಾ ಬಿಡಲಿಲ್ಲ. ಇಂಜೆಕ್ಷನ್ ಆದ ಮ್ಯಾಲ ಹಿಂಗ ವಾಂತಿ ಮಾಡಿದ್ರ ಕಣ್ಣಿಗೆ ಪೆಟ್ಟು, ಪ್ಲೇನಿನಾಗ ಕರ್ಕೊಂಡು ಬರ್ರಿ ಅಂದ್ರು ಡಾಕ್ಟರು. ನಮ್ಮ ಕಡಿ ಈಗೊಂದು ಸಣ್ಣ ಏರ್‌ಪೋರ್ಟು ಐತಲ್ಲ, ತಾಸಿನ ದಾರಿ.

ಯಾರು ಕರ್ಕೊಂಡು ಹೋಗೋದು? ಇವ್ರಿಗೆ ಮಿಲ್ಲು. ಮಗಳು ಕಾವ್ಯಾಗ ಪರೀಕ್ಷಿ. ಈ ಮನಿಯಾಗ ‘ಯಾರು’ ಅಂತ ಕೇಳಿದ್ರ ಉತ್ತರ ಯಾವಾಗ್ಲೂ ಹಂಪಮ್ಮನ.

ಮುದುಕಿ ಒಂದೇ ಮಾತು ಕೇಳಿದ್ಲು: “ವಿಮಾನದಾಗ ಮಡಿ ಹೆಂಗ?”

ಜೂನ್ ೧೭

ಯಪ್ಪಾ ಯಪ್ಪಾ. ಹೋಗಿ ಬಂದ್ವಿ. ಇಂಜೆಕ್ಷನ್ ಆತು. ಇಂಜೆಕ್ಷನ್ ಕಥಿ ಸಣ್ಣದು, ಏರ್‌ಪೋರ್ಟಿನ ಕಥಿ ದೊಡ್ಡದು.

ನಿನ್ನಿ ನಮ್ಮ ಕಡಿ ಏರ್‌ಪೋರ್ಟಿನಾಗ ಒಂದು ಬಾಗಿಲದಂಥಾ ಚೌಕಟ್ಟು ದಾಟಬೇಕಿತ್ತು. ಗ್ವಾಡಿ ಇಲ್ಲ, ಕದ ಇಲ್ಲ, ಬರೇ ಚೌಕಟ್ಟು. ಮುದುಕಿ ಹಣಿ ಬಗ್ಗಿಸಿ, ಹೊಸ್ತಿಲಕ್ಕ ನಮಸ್ಕಾರ ಮಾಡಿ ಬಲಗಾಲು ಒಳಗಿಟ್ಳು. ಕುಂಯ್ ಅಂತು. ಪೊಲೀಸಮ್ಮ ಬಂದು ಮೈ ಮುಟ್ಟಿ ನೋಡಿದ್ರ ಸೀರಿ ಒಳಗ ಕೊಳ್ಳಾಗ ಬೆಳ್ಳಿ ಕರಡಿಗಿ. ಅದರೊಳಗ ಲಿಂಗ. “ಓ, ಲಿಂಗ ಕಟ್ಕೊಂಡೀರಿ ಏನ್ರಿ ಅಮ್ಮ? ಹೋಗ್ರಿ ಹೋಗ್ರಿ” ಅಂತ ಕೈ ಮುಗದು ಬಿಟ್ಳು. ನಮ್ಮ ಕಡ್ಯಾಕಿ, ಪುಣ್ಯಾತಗಿತ್ತಿ. ಶೇಂಗಾ ಚಟ್ನಿಪುಡಿ ಡಬ್ಬಿ ನೋಡಿ “ಮನ್ಯಾಗ ಮಾಡಿದ್ದೇನ್ರಿ?” ಅಂತಷ್ಟ ಕೇಳಿದ್ಲು.

ಇವತ್ತು ವಾಪಸ್ ಬರುವಾಗ ಕಣ್ಣಿನ ಊರಿನ ಏರ್‌ಪೋರ್ಟು. ಅಲ್ಲಿ ಕುಂಯ್ ಅಂದ ಕೂಡ್ಲೇ “ನಿಕಾಲೋ” ಅಂದ್ಲು ಅಲ್ಲಿನ ಆಫೀಸರಮ್ಮ. ತಗದು ಟ್ರೇದಾಗ ಇಡಬೇಕಂತ. ಆ ಟ್ರೇದಾಗ ಹಿಂದಿನಾವ ಬೂಟು ಇಟ್ಟಿದ್ದ.

ಮುದುಕಿ ಎರಡೂ ಕೈಲೆ ಎದಿ ಹಿಡ್ಕೊಂಡು ನಿಂತ್ಲು. “ನಮ್ಮಪ್ಪ ಕಟ್ಟಿಸಿದ್ದು. ಹಡಿವಾಗಲೂ ಮೈಬಿಟ್ಟು ತಗದಿಲ್ಲ. ಸತ್ತಾಗ ನನ್ನ ಜತಿಗೇ ಕುಣಿಗೆ ಹೋಗತೈತಿ.” ಅವಳಿಗೆ ಕನ್ನಡ ಬರಂಗಿಲ್ಲ, ಇವಳಿಗೆ ಹಿಂದಿ ಬರಂಗಿಲ್ಲ. ನಡುವ ನಾನು. ಹಿಂದ ಉದ್ದಕ ಸಾಲು. ಎಲ್ಲಾರೂ ನನ್ನನ್ನ ನೋಡಾಕತ್ತಾರ, ನಾನೇನೋ ಬಾಂಬು ಕರ್ಕೊಂಡು ಬಂದಂಗ.

“ಅತ್ತಿ, ಎರಡು ನಿಮಿಷ ತಗೀರಿ. ಶಿವ ಎಲ್ಲೂ ಓಡಿ ಹೋಗಂಗಿಲ್ಲ” ಅಂದೆ. ರೂಲ್ ಅಂದ್ರ ರೂಲ್ ಅಲ್ಲೇನು? ಅವ್ರ ಕೆಲಸ ಅವ್ರು ಮಾಡಬೇಕು. ಮುದುಕಿ ನನ್ನ ಕಡಿ ನೋಡಲೂ ಇಲ್ಲ.

ಕಡೀಕ ದೊಡ್ಡ ಆಫೀಸರ್ ಬಂದ, ಮುದುಕಿ ಮುಖ ನೋಡಿದ, ಗಡಿಯಾರ ನೋಡಿದ, ಬಿಡ್ರಿ ಅಂದ. ಲಿಂಗ ಪಾಸಾತು. ಚಟ್ನಿಪುಡಿ ಪಾಸಾಗಲಿಲ್ಲ! ಖಾರದಪುಡಿ ಒಯ್ಯಂಗಿಲ್ಲಂತ. ಶೇಂಗಾ ರೀ, ಶೇಂಗಾ ಅಂದೆ. ಆಫೀಸರ್ ಡಬ್ಬಿ ಮೂಗಿಗೆ ಹಿಡದು ನೋಡಿದ, ಆಕ್ಷಿ ಅಂತ ಸೀನಿದ. ಅಷ್ಟಕ್ಕ ಅದು ಆಯುಧ ಆತು.

ಮೂವತ್ತು ವರ್ಷದಾಗ ಆ ಮುದುಕಿ ನನ್ನ ಮರ್ಯಾದಿ ಇಷ್ಟು ಮಂದಿ ಮುಂದ ಎಂದೂ ತಗದಿರಲಿಲ್ಲ.

ಜೂನ್ ೧೯

ಇವ್ರು ಮಠದ ಹಾಲಸ್ವಾಮಿ ಅಯ್ಯನವರನ್ನ ಮನಿಗೆ ಕರ್ಕೊಂಡು ಬಂದ್ರು. ಮುಂದಿನ ತಿಂಗಳು ಇನ್ನೊಂದು ಇಂಜೆಕ್ಷನ್ ಐತಿ, ಏರ್‌ಪೋರ್ಟಿನಾಗ ತಡದ್ರ ಕಣ್ಣು ಹೋಗತೈತಿ, ಏನ್ ಮಾಡೋದು ಅಂತ ಕೇಳಿದ್ವಿ. ಅಯ್ಯನವರು ಚಾ ಕುಡದು, “ಆಪತ್ತಿನಾಗ ತಗದ್ರ ನಡಿತೈತಿ. ಮನಿಗೆ ಬಂದು ಶುದ್ಧಿ ಮಾಡಿ ಕಟ್ಕೊಳ್ರಿ” ಅಂದ್ರು. ನನಗ ಹೊಟ್ಟಿ ತಣ್ಣಗಾತು.

ಮುದುಕಿ ಕೇಳಿದ್ಲು: “ನೀವಾದ್ರ ತಗೀತಿದ್ರಿ ಏನ್ರಿ ಅಯ್ಯ?”

ಅಯ್ಯನವರು ಕೆಮ್ಮಿದ್ರು. ಇನ್ನೊಂದು ಚಾ ಬೇಕಂದ್ರು.

ಜೂನ್ ೨೦

ಮುಂಜಾನಿ ಅಯ್ಯನವರ ಫೋನು. ರಾತ್ರಿ ನಿದ್ದಿ ಬರಲಿಲ್ಲಂತ. “ತಗಿಯಂಗಿಲ್ಲ” ಅಂದ್ರು.

ಸಂಜೀಕ ಮತ್ತ ಫೋನು. “ಸಂದರ್ಭ ನೋಡ್ಕೊಳ್ರಿ” ಅಂದ್ರು. ಆ ಏರ್‌ಪೋರ್ಟಿನವ್ರು ಅಯ್ಯನವರ ಹತ್ರ ಟ್ರೇನಿಂಗ್ ತಗೊಂಡಾರೇನೋ!

ಜುಲೈ ೫

ನಾನೇ ಒಂದು ಉಪಾಯ ಮಾಡಿದೆ. ರೂಢಿ ಮಾಡಿಸಿದ್ರ ಕತ್ತೇನೂ ಕೆಲಸ ಕಲಿತೈತಿ, ಮುದುಕಿ ಕಲಿಯಂಗಿಲ್ಲೇನು? ಮಿಲ್ಲಿನ ಗೋದಾಮಿಗೆ ಕಬ್ಬಿಣದ ಬಾಗಿಲು ಐತಿ. ಅದ ಏರ್‌ಪೋರ್ಟು. ಅಕ್ಕಿ ಕೇರೋ ಮೊರ ಅಂದ್ರ ಟ್ರೇ. ಹಮಾಲರ ಮೇಸ್ತ್ರಿ ಹುಲುಗೇಶಗ ಸೌಟು ಕೊಟ್ಟು ಆಫೀಸರ್ ಮಾಡಿದೆ. ಕುಂಯ್ ಅನ್ನೋ ಕೆಲಸ ದುರ್ಗಕ್ಕಂದು.

ಹುಲುಗೇಶ ಮೀಸಿ ತಿರುವಿ ನಿಂತ ನೋಡು, ಅವನ ಗತ್ತು ಏನು ಕೇಳ್ತಿ! ಮೊದಲು ಇವ್ರನ್ನ ನಿಲ್ಲಿಸಿದ. ಅಡಿಕಿ ಚೀಲ ಕಸ್ಕೊಂಡ. “ಏನಲೇ, ನನ್ನ ಮಿಲ್ಲಿನಾಗ ನನಗ ತಪಾಸಣಿ ಏನಲೇ?” ಅಂದ್ರು ಇವ್ರು. “ರೂಲ್ ಐತ್ರಿ ಸಾವ್ಕಾರ್ರ” ಅಂದ. ಆಮ್ಯಾಲ ನಿನ್ನಿ ಬಂದ ಲಾರಿ ಡ್ರೈವರನ್ನೂ ನಿಲ್ಲಿಸಿದ. ಅವ ಪಾಪ ಖರೇ ಅನ್ಕೊಂಡು ಬೂಟು ಬಿಚ್ಚಿ ಮೊರದಾಗ ಇಟ್ಟ. ದುರ್ಗಕ್ಕ ಬೇಕಾದವರಿಗೆ ಕುಂಯ್ ಅಂತಿದ್ಲು, ಬ್ಯಾಡಾದವರಿಗೆ ಬಿಡ್ತಿದ್ಲು. ಹೊಟ್ಟಿ ಹುಣ್ಣಾಗೋ ಹಂಗ ನಕ್ಕೆ.

ಮುದುಕಿ ಸರದಿ ಬಂತು. ಕುಂಯ್. “ತಗೀರಿ ಅಮ್ಮ” ಅಂದ ಹುಲುಗೇಶ, ಮೆತ್ತಗ. ಮುದುಕಿ ಕೊಳ್ಳಾಗಿನ ಶಿವದಾರದ ಗಂಟಿಗೆ ಕೈ ಹಾಕಿದ್ಲು. ಗಂಟು ಬಿಚ್ಚಲಿಲ್ಲ. ಹಂಗ ಅಲ್ಲೇ ಅಕ್ಕಿ ಚೀಲದ ಮ್ಯಾಲ ಕುಂತುಬಿಟ್ಳು.

“ಯಾಕತ್ತಿ, ಇಷ್ಟೂ ಆಗಂಗಿಲ್ಲೇನು?” ಅಂದೆ.

“ಹಂಪವ್ವಾ, ನಿನಗ ಹೇಳಿಲ್ಲ. ಯಾರಿಗೂ ಹೇಳಿಲ್ಲ” ಅಂದ್ಲು. “ಪೂಜಿಗೆ ಕುಂತು ಅಂಗೈಮ್ಯಾಲ ಇಟ್ಕೊಂಡು ನೋಡಿದ್ರ, ಬೆರಳು ಕಾಣತಾವು, ಅಂಗೈ ಅಂಚು ಕಾಣತೈತಿ. ನಡುವ ಕರೇ ಹೊಗಿ. ಲಿಂಗ ಇರೋ ಜಾಗಾ ಐತಲ್ಲ, ಅಷ್ಟೇ ಹೋಗೈತಿ. ಯುಗಾದಿಯಿಂದ ನೋಡಿಲ್ಲ ನಾನು. ಕೊಳ್ಳಾಗ ಭಾರ ಇದ್ರ ಐತಿ ಅಂತ ಗೊತ್ತಾಗತೈತಿ. ಅದನ್ನೂ ತಗದ್ರ ನನಗ ಏನ್ ಉಳೀತು?”

ದುರ್ಗಕ್ಕ ಕುಂಯ್ ಅನ್ನೋದು ನಿಲ್ಲಿಸಿದ್ಲು. ಮಿಲ್ಲು ಬಂದ್ ಮಾಡಿ ಮನಿಗೆ ಬಂದ್ವಿ.

ಜುಲೈ ೬

ಅಡಗಿ ಮಾಡಿದೆ. ಬರಿಯಾಕ ಏನಿಲ್ಲ.

ಜುಲೈ ೧೫

ಎರಡನೇ ಇಂಜೆಕ್ಷನ್. ನಿನ್ನಿ ಮುಂಜಾನಿ ಸಂಡೂರು ಕಡಿಯಿಂದ ಅದಿರಿನ ಲಾರಿ ಸಾಲಿಗೆ ಸಾಲು. ಕಾರು ಹಿಂದ ತೆವಳಿ ತೆವಳಿ, ಏರ್‌ಪೋರ್ಟಿಗೆ ಹೋಗೋದು ತಡ ಆತು. ಆದ್ರೂ ಧೈರ್ಯ ಇತ್ತು, ಅಲ್ಲಿ ನಮ್ಮ ಪುಣ್ಯಾತಗಿತ್ತಿ ಅದಾಳಲ್ಲ ಅಂತ.

ಅದ ಪೊಲೀಸಮ್ಮ. ಅದ ಬಾಗಿಲು. ಅದ ಕುಂಯ್. “ತಗದು ಟ್ರೇದಾಗ ಇಡ್ರಿ ಅಮ್ಮ” ಅಂದ್ಲು.

“ಹೋದ ತಿಂಗಳು ಕೈ ಮುಗದು ಬಿಟ್ಟಿದ್ದಿಯಲ್ಲ ನೀನು?” ಅಂದೆ.

“ಆವಾಗ ಬ್ಯಾರೆ ಇತ್ರಿ. ಈಗ ಹೊಸ ಆರ್ಡರ್ ಬಂದೈತಿ.”

“ಆರ್ಡರ್ ತೋರ್ಸು.”

“ತೋರ್ಸಂಗಿಲ್ರಿ, ಅದು ಗುಟ್ಟು.”

ಗುಟ್ಟಂತ! ಜನ ಪಾಲಿಸಬೇಕಾದ ರೂಲು ಜನಕ್ಕ ತೋರ್ಸಂಗಿಲ್ಲಂತ! ಲಿಂಗದ ಹೆಸರು ಅದರಾಗ ಬರದೈತೇನು ಅಂದ್ರ ‘ಲೋಹದ ವಸ್ತು’ ಅಂತ ಬರದೈತಂತ. ನಿನ್ನ ತಾಳಿ ಯಾವುದರಾಗ ಮಾಡ್ಯಾರ, ಅದನ್ನ ದಿನಾ ಟ್ರೇದಾಗ ಇಟ್ಟು ಡ್ಯೂಟಿಗೆ ಬರ್ತೀಯೇನು ಅಂತ ಕೇಳಿದೆ. ತಾಳಿಗೆ ಬಿಡ್ತಾರಂತ. ಅದಕ್ಯಾಕ, ಇದಕ್ಯಾಕಿಲ್ಲ ಅಂದೆ. ನಮ್ಮ ಹಿಂದ ಹಂಪಿ ನೋಡಿ ಹೊಂಟ ಒಬ್ಬ ಬಿಳೇ ಮನಿಷ್ಯಾ ಸೊಂಟದ ಪಟ್ಟಿ ಕೈಯಾಗ ಹಿಡ್ಕೊಂಡು, ಇನ್ನೊಂದು ಕೈಲೆ ಪ್ಯಾಂಟ್ ಹಿಡ್ಕೊಂಡು ನಿಂತುಬಿಟ್ಟಿದ್ದ.

ಪ್ಲೇನಿನ ಕದ ಹಾಕ್ತೀವಿ ಅಂತ ಕೂಗಿದ್ರು. ಇದು ತಪ್ಪಿದ್ರ ಇಂಜೆಕ್ಷನ್ ತಪ್ಪಿತು, ಇಂಜೆಕ್ಷನ್ ತಪ್ಪಿದ್ರ ಕಣ್ಣು. “ನಿಮ್ಮ ಸಾಹೇಬ್ರನ್ನ ಕರೀರಿ, ಇಲ್ಲಾಂದ್ರ ನಾನು ಇಲ್ಲೇ ಮಲಗ್ತೀನಿ” ಅಂದೆ, ನೆಲದ ಮ್ಯಾಲ ಕುಂತೂಬಿಟ್ಟೆ. ಸಾಹೇಬ್ರು ಓಡಿ ಬಂದ್ರು. ಪರದಿ ಹಿಂದ ಕರ್ಕೊಂಡು ಹೋಗಿ ಕರಡಿಗಿ ಕೊಳ್ಳಾಗ ಇದ್ದಂಗ ಮುಚ್ಚಳ ತಗಿಸಿ ನೋಡಿ ಬಿಟ್ರು. ಇಬ್ಬರೂ ಪ್ಲೇನಿನ ಕಡಿ ಓಡಿದ್ವಿ, ಎಪ್ಪತ್ತಾರರ ಅತ್ತಿ ನನಗಿಂತ ಮುಂದ.

ನಾನೇನು ಅತ್ತಿ ಪರ ಮಾತಾಡಲಿಲ್ಲ. ರೂಲ್ ಏನಂತ ತಿಳ್ಕೋಬೇಕಾಗಿತ್ತು, ಅಷ್ಟ.

ವಾಪಸ್ ಬರುವಾಗ, ಇವತ್ತು, ಕಣ್ಣಿನ ಊರಿನಾಗ ಲಿಂಗದ ಸುದ್ದೀನೇ ಇಲ್ಲ! ಕುಂಯ್ ಅಂದ್ರೂ ಯಾರೂ ಕಣ್ಣೆತ್ತಿ ನೋಡಲಿಲ್ಲ. ಆದ್ರ ಚೀಲದಾಗಿನ ವಿಭೂತಿ ಗಟ್ಟೀನ ಹಿಡದ್ರು. ಬಿಳೇ ಪುಡಿ ಗಟ್ಟಿ ಮಾಡಿದ್ದು ಏನಿದು ಅಂತ ನಾಲ್ಕು ಮಂದಿ ಸುತ್ತ ನಿಂತ್ರು. ಅತ್ತಿ ಎದ್ದು ಹೋಗಿ ನಾಲ್ಕೂ ಮಂದಿ ಹಣಿಗೆ ಹಚ್ಚಿ ಬಂದ್ಲು. ಒಬ್ಬ ಸಾಬರ ಹುಡುಗ, ಅವನೂ ನಕ್ಕೋತ ಹಚ್ಚಿಸ್ಕೊಂಡ. ಬಿಟ್ರು.

ಜುಲೈ ೨೩

ರೂಲ್ ಏನು ಅಂತ ಏರ್‌ಪೋರ್ಟಿನವ್ರಿಗೆ ಫೋನ್ ಮಾಡಿ ಕೇಳಿದೆ. ಒಂದು ಒತ್ರಿ, ಎರಡು ಒತ್ರಿ, ಹಾಡು ಕೇಳ್ರಿ. ಮೊದಲನೇ ಹುಡುಗಿ “ಧಾರ್ಮಿಕ ವಸ್ತು ತಗಿಯೋದು ಬ್ಯಾಡ ಮೇಡಂ” ಅಂದ್ಲು. ಹೆಸರು ಹೇಳವ್ವಾ, ನಿನ್ನ ಹೆಸರು ಹೇಳಿ ಜಗಳ ಆಡ್ತೀನಿ ಅಂದೆ. ಫೋನು ಕಟ್. ಎರಡನೇ ಹುಡುಗ “ತಗೀಲೇಬೇಕು” ಅಂದ. ಮೂರನೆಯವ “ಅಲ್ಲಿನ ಅಧಿಕಾರಿಗೆ ಬಿಟ್ಟಿದ್ದು” ಅಂದ. ಇವ ನಮ್ಮ ಹಾಲಸ್ವಾಮಿ ಅಯ್ಯನವರ ಪೈಕಿ.

ಆಗಸ್ಟ್ ೭

ಅತ್ತಿ ಪೂಜಿ ಜಾಗದಾಗ ಬೆಳಕು ಸಾಲದು ಅನಸ್ತು. ಹೊಸಪೇಟಿಯಿಂದ ಹೊಸಾ ಟ್ಯೂಬ್‌ಲೈಟ್ ತರಿಸಿ ಹಾಕಿಸಿದೆ. “ಈಗ ಹೆಂಗತ್ತಿ?” ಅಂದೆ. “ಹೊಗಿ ಸ್ವಲ್ಪ ತೆಳ್ಳಗಾಗೈತಿ. ಆದ್ರ ಹೊಗೀನ” ಅಂದ್ಲು. ಮುಂಜಾನಿ ಹತ್ರ ಕುಂತು ಹೂವು, ಪತ್ರಿ ಕೈಗೆ ಕೊಡ್ತೀನಿ ಈಗ. ಇಲ್ಲಾಂದ್ರ ಎಲ್ಲಾ ಕಡಿ ಚೆಲ್ಲಿ ನನಗ ಕಸ ಹೊಡಿಯೋ ಕೆಲಸ.

ಆಗಸ್ಟ್ ೧೮

ಕಣ್ಣಿನ ಊರು, ಲಾಡ್ಜು.

ಇವತ್ತು ಜಗಳಕ್ಕ ತಯಾರಾಗೇ ಹೋಗಿದ್ದೆ. ಕಾರಿನಾಗ ಕುಂತು ದಾರ್ಯುದ್ದಕ್ಕೂ ಮಾತು ಜೋಡಿಸ್ಕೊಂಡಿದ್ದೆ. ಹೋಗಿ ನೋಡಿದ್ರ ನಮ್ಮ ಕಡಿ ಬಾಗಿಲು ಕೆಟ್ಟು ನಿಂತಿತ್ತು! ಆನಿ ಹೋದ್ರೂ ಕುಂಯ್ ಅನ್ನಂಗಿಲ್ಲ. ಕೈಲೆ ಮುಟ್ಟಿ ನೋಡಿದ್ರು, ಲಿಂಗ ಏನ್ರಿ ಅಂದ್ರು, ಹೂಂ ಅಂದ್ವಿ, ಹೋಗ್ರಿ ಅಂದ್ರು. ನನಗ ಒಂಥರಾ ಬ್ಯಾಸರ ಆತು. ಅಷ್ಟು ಮಾತು ಹೊಟ್ಟ್ಯಾಗ ಉಳದ್ವು.

ಮೂರನೇ ಇಂಜೆಕ್ಷನ್ ಆತು. ಚುಚ್ಚುವಾಗ ಅತ್ತಿ ನನ್ನ ಕೈ ಹಿಡಕೊಂಡಿದ್ಲು, ಉಗುರು ನೆಟ್ಟಾವು. ಕಣ್ಣಿಗೆ ಪಟ್ಟಿ ಕಟ್ಟ್ಯಾರ. ನಾಳಿ ಮಧ್ಯಾಹ್ನ ತಗೀರಿ, ಎಷ್ಟು ಕಾಣತೈತೋ ಅಷ್ಟ, ಇದರ ಮ್ಯಾಲ ನಮ್ಮ ಕೈಯಾಗ ಇಲ್ಲ ಅಂದ್ರು ಡಾಕ್ಟರು. ಅತ್ತಿಗೆ ಕೇಳಿಸಬಾರದು ಅಂತ ಅವ್ರನ್ನ ಹೊರಗ ಕರದು ಕೇಳಿದ್ದೆ. ಹೊರಗ ಬಂದ್ರೂ ಆಕಿಗೆ ಕೇಳಿಸೈತಿ.

“ಏನಾದ್ರೂ ಆಗ್ಲಿ, ನೀ ಊಟ ಮಾಡು” ಅಂದ್ಲು.

ಆಗಸ್ಟ್ ೧೯

ಅದ ಲಾಡ್ಜು. ಪ್ಲೇನ್ ತಪ್ಪಿತು. ಇವ್ರು ನಾಲ್ಕು ಸಲ ಫೋನ್ ಮಾಡ್ಯಾರ, ನಾನಿನ್ನೂ ಸರಿಯಾಗಿ ಹೇಳಿಲ್ಲ. ಹೆಂಗ ಹೇಳಬೇಕೋ ಗೊತ್ತಾಗವಲ್ದು. ಮೊದಲು ಇಲ್ಲಿ ಬರಿತೀನಿ.

ಮುಂಜಾನಿ ಅತ್ತಿ ಪಟ್ಟಿ ಕಟ್ಕೊಂಡ ಮುಟ್ಟಿ ಮುಟ್ಟಿ ಪೂಜಿ ಮಾಡಿದ್ಲು. ಮಧ್ಯಾಹ್ನ ಏರ್‌ಪೋರ್ಟಿಗೆ ಹೋದ್ವಿ. ಪಟ್ಟಿ ಊರಿಗೆ ಹೋಗಿ ತಗಿಯೋಣು ಅಂದ್ಲು. ಹೆದರಿಕಿ ಆಕಿಗೆ. ನನಗೂ ಇತ್ತು, ಹೂಂ ಅಂದೆ.

ಬಾಗಿಲದ ಹತ್ರ ಹೊಸಾ ಹುಡುಗಿ, ಎಳೇ ವಯಸ್ಸು, ಅರ್ಧಾ ಕನ್ನಡ ಬರತೈತಿ. ಆಧಾರ್ ನೋಡಿದ್ಲು, ಅತ್ತಿ ನೋಡಿದ್ಲು. “ಪಟ್ಟಿ ತಗೀಬೇಕು. ಫೋಟೋದಾಗ ಪಟ್ಟಿ ಇಲ್ಲ” ಅಂದ್ಲು.

“ಕಣ್ಣಿಗೆ ಇಂಜೆಕ್ಷನ್ ಆದೋರಿಗೂ ಇದ ರೂಲೇನವಾ?” ಅಂತ ನಾನು ಸುರು ಹಚ್ಚಿದೆ. ಅತ್ತಿ ಬ್ಯಾಡ ಬಿಡು ಅಂದು ತಾನೇ ಪಟ್ಟಿ ಬಿಚ್ಚಿದ್ಲು. ಕಣ್ಣು ತಗೀಲಿಲ್ಲ. ಮುಚ್ಚಿಕೊಂಡ ನಡದು ಹೋದ್ಲು. ಕುಂಯ್.

ನಾನು ಸೆರಗು ಸಿಗಿಸಿದೆ. ಹುಡುಗಿ ಕರಡಿಗಿ ಮುಟ್ಟಿ ನೋಡಿ, “ಇದರೊಳಗ ಇರೋದು ಕಲ್ಲು ಹೌದಲ್ಲ? ಕಲ್ಲು ಕೂಗಂಗಿಲ್ಲ, ಡಬ್ಬಿ ಕೂಗತೈತಿ. ಡಬ್ಬಿ ಟ್ರೇದಾಗ ಇಡ್ರಿ, ದೇವರು ಅಮ್ಮನ ಕೈಯಾಗ ಇರ್ಲಿ” ಅಂದ್ಲು.

ಎರಡು ತಿಂಗಳು ಬಡಿದಾಡಿದ್ವಿ! ಮನಿ ಮಂದಿ, ಅಯ್ಯನವರು, ಸಾಹೇಬ್ರು, ಫೋನಿನವ್ರು, ಯಾರಿಗೂ ಹೊಳೀಲಿಲ್ಲ. ನಮಗಂತೂ ಹೊಳಿಯಂಗೂ ಇಲ್ಲ. ನಮ್ಮ ಮನ್ಯಾಗ ಲಿಂಗ ಅಂಗೈಗೆ ಬಂತು ಅಂದ್ರ ಪೂಜಿ ಸುರು ಆತು ಅಂತ. ಪೂಜಿ ಮುಗಿಯೋತನಾ ವಾಪಸ್ ಕಟ್ಟಂಗಿಲ್ಲ, ಪೂಜ್ಯಾಗ ಎದ್ದು ಅಡ್ಡಾಡಂಗಿಲ್ಲ. ಈ ಹುಡುಗಿಗೆ ಅದೇನು ಗೊತ್ತು ಪಾಪ.

ಅತ್ತಿ ಅಲ್ಲೇ ಯಾರಿಗೋ ಇಟ್ಟಿದ್ದ ಗಾಲಿ ಕುರ್ಚಿ ತಡವಿ ಎಳಕೊಂಡು ಬಾಗಿಲದ ನಟ್ಟನಡುವ ಕುಂತ್ಲು. ಕರಡಿಗಿ ಟ್ರೇದಾಗ, ಲಿಂಗ ಎಡಗೈಮ್ಯಾಲ. ವಿಭೂತಿ ಹಚ್ಚಿದ್ಲು. ರೂಢಿ ನೋಡು, ನೋಡಬೇಕಲ್ಲ ಅಂತ ಕಣ್ಣು ತಗದ್ಲು.

ಅಲುಗಾಡಲಿಲ್ಲ. ನನಗ ಗಾಬರಿ ಆತು.

“ಅತ್ತಿ?”

“ಐತಲ್ಲೇ ಹಂಪವ್ವಾ!” ಅಂದ್ಲು. “ಇಲ್ಲೇ ಐತಲ್ಲ. ನಡುವನ ಐತಿ.”

ಕೊನೇ ಕರೆ ಅಂತ ನಮ್ಮಿಬ್ಬರ ಹೆಸರು ಮ್ಯಾಲಿಂದ ಕೂಗಾಕತ್ತಿದ್ರು. ಹಿಂದಿನವ್ರು ನೂಕಾಕತ್ತಿದ್ರು. ಒಬ್ಬಾಕಿ ಅಂತೂ “ಎರಡು ನಿಮಿಷ ಬಿಟ್ಟು ಅದನ್ನ ಮಾಡಬಾರದೇನು?” ಅಂದ್ಲು. ನಾನು ಎರಡೂ ಕೈ ಅಗಲಿಸಿ ಸಾಲಿಗೆ ಅಡ್ಡ ನಿಂತೆ. “ಯಾರೂ ಈ ಗೆರಿ ದಾಟಂಗಿಲ್ಲ. ಪೂಜಿ ನಡದೈತಿ. ರೂಲ್ ಅಂದ್ರ ರೂಲ್” ಅಂದೆ. ನಿಂತ್ರು! ಆ ಹುಡುಗೀನೂ ನಿಂತ್ಲು, ಕೈಯಾಗ ಟ್ರೇ ಹಿಡ್ಕೊಂಡು.

ಪೂಜಿ ಮುಗದು, ಲಿಂಗ ಕೊಳ್ಳಿಗೆ ಹೋಗೋದ್ರಾಗ ಪ್ಲೇನ್ ಹೋಗಿತ್ತು.

ಬಾಗಿಲದ ಆಚಿ ಗ್ವಾಡಿಮ್ಯಾಲ ಒಂದು ದೊಡ್ಡ ಬೋರ್ಡು, ಏನೇನು ಒಯ್ಯಂಗಿಲ್ಲ ಅಂತ ಚಿತ್ರ. ಅತ್ತಿ ಅದರ ಮುಂದ ಹೋಗಿ ನಿಂತ್ಲು. ಬೆರಳು ಇಟ್ಟು ಒಂದೊಂದ ಓದಾಕತ್ತಿದ್ಲು. “ಕತ್ತರಿ. ಚಾಕು. ಕೊಡ್ಲಿ. ಬಂದೂಕ. ಪಟಾಕಿ. ಸುತ್ತಿಗಿ. ಇದೇನಿದು, ಬ್ಯಾಟು? ಹುಡುಗರು ಆಡೋದು ಯಾಕ ಬ್ಯಾಡಂತ?” ಕಡೀ ಸಾಲಿನತನಾ ನೋಡಿದ್ಲು. ಆಮ್ಯಾಲ ತಿರುಗಿ ಆ ಹುಡುಗಿಗೆ ಕೇಳಿದ್ಲು:

“ಇದರಾಗ ಲಿಂಗ ಎಲ್ಲೈತಿ, ತೋರ್ಸವಾ?”

ಹುಡುಗಿ ಬೋರ್ಡಿನ ಹತ್ರ ಬಂದು ಮ್ಯಾಲಿಂದ ಕೆಳಗ ಹುಡುಕಿದ್ಲು. ಎರಡು ಸಲ ಹುಡುಕಿದ್ಲು. ಇಲ್ಲ ಅಂತ ತಲಿ ಅಲ್ಲಾಡಿಸಿದ್ಲು.

ನನಗ ಅಳು ತಡಕೊಳ್ಳಾಕ ಆಗಲಿಲ್ಲ. ಅಲ್ಲೇ ಕುಂತು ಸಣ್ಣ ಹುಡುಗಿ ಹಂಗ ಅಳಾಕ ಹತ್ತಿದೆ. ಪ್ಲೇನ್ ಹೋತು ಅಂತ ಅಳಾಕತ್ತಾಳ ಅನ್ಕೊಂಡು ಆ ಹುಡುಗಿ, “ನಾಳಿನೂ ಐತಿ ಆಂಟಿ, ಇದ ಟೈಮಿಗೆ” ಅಂದ್ಲು.